ಮತ್ತೆ ಮೊದಲಿನಿಂದ ಹೇಳಬೇಕೇ?

(ಶುಭಸಂದೇಶಕರ್ತ ಸಂತ ಲೂಕರ ಹಬ್ಬದಂದು, ಅಕ್ಟೋಬರ್ 18, ನಿಡಘಟ್ಟದ ಒಂದು ಮನೆಯಂಗಳದಲ್ಲಿ ಅರ್ಪಿಸಿದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ. ವಾಚನಗಳು: 2 ತಿಮೊಥೇಯ 4:10-17, ಲೂಕ 10:1-9)



ಪ್ರೇಷಿತ ಪೌಲರು ಕೊಲೊಸ್ಸೆಯ ಸಭೆಗೆ ಬರೆದ ಪತ್ರದಲ್ಲಿ ಲೂಕರನ್ನು ತಮ್ಮ ಪ್ರೀತಿಯ ವೈದ್ಯರೆಂದು ನೆನೆಯುತ್ತಾರೆ. ಆ ನೆನಪನ್ನು ಹಿಡಿದುಕೊಂಡೇ ಧರ್ಮಸಭೆ ಸಂತ ಲೂಕರನ್ನು ವೈದ್ಯರ ಪಾಲಕ ಸಂತರೆಂದು ಗೌರವಿಸುತ್ತಾ ಬಂದಿದೆ. ಇವತ್ತು ನಮ್ಮ ನಡುವೆ ವೈದ್ಯರು, ದಾದಿಯರು, ಔಷಧಿ ಅಂಗಡಿಯವರು, ಆಶಾ ಕಾರ್ಯಕರ್ತೆಯರು ಇದ್ದಲ್ಲಿ ಅವರೆಲ್ಲರನ್ನೂ ದೇವರು ಆಶೀರ್ವದಿಸಲಿ.

ಇಂದಿನ ಮೊದಲ ವಾಚನವನ್ನು ಗಮನವಿಟ್ಟು ಕೇಳಿದಿರಲ್ಲವೇ? ಪೌಲರು ಸೆರೆಯಲ್ಲಿದ್ದಾರೆ. ಕಡೆಗಾಲ ಹತ್ತಿರವಾಗಿದೆ. ಜೊತೆಯಲ್ಲಿದ್ದವರು ಒಬ್ಬೊಬ್ಬರಾಗಿ ದೂರವಾಗಿದ್ದಾರೆ. ದೇಮನು ಲೋಕದ ಮೋಹಕ್ಕೆ ಬಿದ್ದು ಬಿಟ್ಟುಹೋದ. ಕ್ರೆಸ್ಕೆಂಸನು ಗಲಾತ್ಯಕ್ಕೆ, ತೀತನು ದಲ್ಮಾತ್ಯಕ್ಕೆ ಹೋದರು. ಲೂಕರೊಬ್ಬರೇ ಉಳಿದಿದ್ದಾರೆ. ಇಲ್ಲೊಂದು ಸಂಗತಿ ಇದೆ. ದೇಮನು ಹೋದದ್ದು ಬೇರೆ, ತೀತನು ಹೋದದ್ದು ಬೇರೆ. ತೀತನು ಪೌಲರ ನಂಬಿಕೆಯ ಸಂಗಡಿಗ, ಸುವಾರ್ತೆಯ ಕೆಲಸದಲ್ಲಿ ಹೆಗಲು ಕೊಟ್ಟವನು. ಅವನ ಪ್ರಯಾಣವನ್ನು ದ್ರೋಹವೆಂದು ನಾವು ಎಣಿಸುವುದಿಲ್ಲ. ಆದರೂ ಸೆರೆಯಲ್ಲಿ ಕುಳಿತವರಿಗೆ ಖಾಲಿಯಾದ ಜಾಗ ಖಾಲಿಯೇ. ಹೋದವರು ಯಾವ ಕಾರಣಕ್ಕೆ ಹೋದರೂ ಉಳಿದವರ ಎದೆಯಲ್ಲಿ ಒಂದೇ ಪ್ರಶ್ನೆ: ಇನ್ನು ನನ್ನನ್ನು ಬಲ್ಲವರು ಯಾರು?

ಈ ಪ್ರಶ್ನೆಯನ್ನು ಹೊತ್ತು ನಮ್ಮ ಊರುಗಳಲ್ಲೂ ಕೆಲವರು ಬದುಕುತ್ತಿದ್ದಾರೆ. ಅಕ್ಟೋಬರ್ 10ರಂದು ವಿಶ್ವ ಮಾನಸಿಕ ಆರೋಗ್ಯ ದಿನ. 1992ರಿಂದ ಈ ದಿನವನ್ನು ಆಚರಿಸಲಾಗುತ್ತಿದೆ. ಅದಾದ ಎಂಟನೆಯ ದಿನಕ್ಕೆ ವೈದ್ಯ ಸಂತರ ಹಬ್ಬ ಬರುತ್ತದೆ. ಹಾಗಾಗಿ ಈ ವರ್ಷ ಮನಸ್ಸಿನ ಕಾಯಿಲೆಯ ಬಗ್ಗೆ, ಅದರಲ್ಲೂ ಯಾರೂ ಬಾಯಿಬಿಟ್ಟು ಹೇಳಿಕೊಳ್ಳದ ಒಂದು ಭಯದ ಬಗ್ಗೆ ಮಾತನಾಡಬೇಕೆಂದು ನಮಗೆ ಅನಿಸಿತು. ಅದು ಹೊಸ ಮನೋವೈದ್ಯರ ಮುಂದೆ, ಹೊಸ ಆಪ್ತಸಮಾಲೋಚಕರ ಮುಂದೆ ಹೋಗಿ ಕುಳಿತುಕೊಳ್ಳುವ ಭಯ.

ನಮ್ಮ ಭಾಗದ ಒಬ್ಬ ತಾಯಿಯ ಕಥೆ ಹೇಳುತ್ತೇವೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಹೇಳುತ್ತಿದ್ದೇವೆ. ಯಾರಿರಬಹುದು ಎಂದು ದಯವಿಟ್ಟು ಲೆಕ್ಕ ಹಾಕಬೇಡಿ. ಮನೆಯಲ್ಲಿ ಆದ ಒಂದು ಸಾವಿನ ನಂತರ ಅವರ ನಿದ್ದೆ ಹೋಯಿತು, ಅನ್ನ ರುಚಿಸದಾಯಿತು, ಕಾರಣವಿಲ್ಲದೆ ಎದೆ ಡವಗುಟ್ಟತೊಡಗಿತು. ಮನೆಯವರು ಬೆಂಗಳೂರಿನ ಒಂದು ಆಸ್ಪತ್ರೆಗೆ ತೋರಿಸಿದರು. ಮಾತ್ರೆಯ ಜೊತೆಗೆ ಕೌನ್ಸೆಲಿಂಗ್ ಕೂಡ ಬೇಕೆಂದರು. ಎರಡು ವಾರಕ್ಕೊಮ್ಮೆ ನಸುಕಿನಲ್ಲೆದ್ದು, ಮನೆಗೆಲಸ ಮುಗಿಸಿ, ಹೆದ್ದಾರಿಗೆ ಬಂದು ಬಸ್ಸು ಹಿಡಿಯುತ್ತಿದ್ದರು. ಮೊದಲ ಮೂರು ಸಲ ಅತ್ತದ್ದು ಬಿಟ್ಟರೆ ಏನೂ ಹೇಳಲಾಗಲಿಲ್ಲವಂತೆ. ನಿಧಾನಕ್ಕೆ ಬಾಯಿ ಬಂತು, ಮನಸ್ಸು ಹಗುರವಾಯಿತು, ಮುಖದಲ್ಲಿ ನಗು ಕಾಣಿಸಿತು. ಹೀಗೆ ಒಂದು ವರ್ಷ ಕಳೆದ ಮೇಲೆ ಒಂದು ದಿನ ಆ ಆಪ್ತಸಮಾಲೋಚಕಿ, "ಮುಂದಿನ ಸಲದಿಂದ ನಿಮ್ಮನ್ನು ಬೇರೆಯವರು ನೋಡುತ್ತಾರೆ" ಎಂದರು.

ಮುಂದಿನ ಸಲ ಆ ತಾಯಿ ಹೋದರು. ಕಾರಿಡಾರಿನ ಬೆಂಚಿನ ಮೇಲೆ ಕುಳಿತರು. ಎರಡು ಸಲ ಅವರ ಹೆಸರು ಕೂಗಿದರು. ಎದ್ದು ಒಳಗೆ ಹೋಗುವ ಬದಲು ಹೊರಗೆ ಬಂದು, ಬಸ್ಸು ಹತ್ತಿ ಊರಿಗೆ ಬಂದುಬಿಟ್ಟರು. ಆ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಬಳಿ ಬಂದು ಹೇಳಿದ ಮಾತು ಇದು: "ಒಂದ್ಸಲ ಎಲ್ಲಾನೂ ಹೇಳ್ಕೊಂಡು ಅತ್ತಾಯ್ತು ಸ್ವಾಮಿ. ಮತ್ತೆ ಮೊದಲಿಂದ ಹೊಸಬ್ರ ಮುಂದೆ ಬಿಚ್ಚಿಡಕ್ಕೆ ನನ್ ಕೈಲಿ ಆಗಕಿಲ್ಲ."

ಆಗ ನಾವೇನು ಹೇಳಿದೆವು ಗೊತ್ತೇ? "ಹೋಗಲಿ ಬಿಡಮ್ಮ, ದೇವರ ಮುಂದೆ ಹೇಳಿಕೊಳ್ಳಿ, ಜಪಸರ ಮಾಡಿ, ಅಷ್ಟು ಸಾಕು" ಎಂದೆವು. ಸಮಾಧಾನದ ಮಾತು ಹೇಳಿದೆವೆಂದು ನಾವು ತಿಳಿದುಕೊಂಡೆವು. ನಿಜ ಹೇಳಬೇಕೆಂದರೆ ಅವತ್ತು ನಮಗೆ ಆತುರವಿತ್ತು, ಹೊರಗೆ ಜ್ಞಾನಸ್ನಾನಕ್ಕೆ ಬಂದವರು ಕಾಯುತ್ತಿದ್ದರು. ಆ ತಾಯಿ ಗುರುಗಳ ಮಾತೆಂದು ನಂಬಿದರು. ಜಪಸರ ನಿಲ್ಲಿಸಲಿಲ್ಲ, ಆದರೆ ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಿದರು. ಮಾತ್ರೆಗಳು ಮುಗಿದವು. ಮತ್ತೆ ತರಲಿಲ್ಲ. ನಾಲ್ಕು ತಿಂಗಳ ನಂತರ ಒಂದು ರಾತ್ರಿ ಅವರ ಮಗನಿಂದ ಫೋನು ಬಂತು: "ಸ್ವಾಮಿ, ಅಮ್ಮ ಮನೇಲಿಲ್ಲ." ಊರಿನವರೆಲ್ಲ ಬ್ಯಾಟರಿ ಹಿಡಿದು ಹುಡುಕಿದೆವು. ಕೆರೆ ಏರಿಯ ಮೇಲೆ ಒಬ್ಬರೇ ಕುಳಿತಿದ್ದರು. ದೇವರು ದೊಡ್ಡವನು, ಜೀವಂತವಾಗಿ ಸಿಕ್ಕರು.

ಪ್ರಿಯರೇ, ಆ ರಾತ್ರಿ ಆದದ್ದರಲ್ಲಿ ನಮ್ಮ ಪಾಲೂ ಇತ್ತು. ಪ್ರಾರ್ಥನೆ ಮಾಡಿ ಎಂದದ್ದು ತಪ್ಪಲ್ಲ, ಅಷ್ಟೇ ಸಾಕು ಎಂದದ್ದು ತಪ್ಪು. ಪವಿತ್ರ ಗ್ರಂಥವೇ ಹಾಗೆ ಹೇಳುವುದಿಲ್ಲ. ಸಿರಾಖನ ಗ್ರಂಥದ 38ನೇ ಅಧ್ಯಾಯವನ್ನು ಮನೆಗೆ ಹೋಗಿ ಓದಿ ನೋಡಿ. ವೈದ್ಯರನ್ನೂ ಭೂಮಿಯಿಂದ ಬರುವ ಔಷಧಿಯನ್ನೂ ದೇವರೇ ಉಂಟುಮಾಡಿದರೆಂದು ಅಲ್ಲಿದೆ. ಕಾಯಿಲೆ ಬಿದ್ದವನು ದೇವರಲ್ಲಿ ಬೇಡಿಕೊಳ್ಳಬೇಕು, ಹಾಗೆಯೇ ವೈದ್ಯರಿಗೂ ಜಾಗ ಬಿಟ್ಟುಕೊಡಬೇಕೆಂದು ಅದೇ ಅಧ್ಯಾಯ ಕಲಿಸುತ್ತದೆ. ಎರಡೂ ಬೇಕು. ಒಂದರ ಹೆಸರಿನಲ್ಲಿ ಇನ್ನೊಂದನ್ನು ಬಿಡುವಂತಿಲ್ಲ.

ಹಾಗಾದರೆ ಆಪ್ತಸಮಾಲೋಚಕರು ಯಾಕೆ ಬದಲಾಗುತ್ತಾರೆ? ದೊಡ್ಡ ಆಸ್ಪತ್ರೆಗಳಲ್ಲಿ ಅನೇಕವು ಕಲಿಸುವ ಸಂಸ್ಥೆಗಳೂ ಹೌದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅನ್ನೇ ನೋಡಿ. ಹಳೆಯ ಮಾನಸಿಕ ಆಸ್ಪತ್ರೆಯನ್ನೂ 1954ರಲ್ಲಿ ಆರಂಭವಾದ ತರಬೇತಿ ಸಂಸ್ಥೆಯನ್ನೂ ಒಂದುಗೂಡಿಸಿ 1974ರಲ್ಲಿ ಅದು ಈಗಿನ ರೂಪ ಪಡೆಯಿತು. ಇಂಥ ಕಡೆ ತರಬೇತಿಯಲ್ಲಿರುವ ವೈದ್ಯರೂ ಮನಶ್ಶಾಸ್ತ್ರಜ್ಞರೂ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುತ್ತಲೇ ಇರಬೇಕು, ಕಲಿಕೆ ಮುಗಿದ ಮೇಲೆ ಬೇರೆ ಊರಿಗೆ ಹೋಗಬೇಕು. ಕೆಲವರಿಗೆ ವರ್ಗವಾಗುತ್ತದೆ, ಕೆಲವರಿಗೆ ಮದುವೆ, ಹೆರಿಗೆ. ಇವರು ತೀತನಂತೆ ಹೋಗುವವರು, ದೇಮನಂತೆ ಅಲ್ಲ. ಇದನ್ನು ತಿಳಿದರೆ ನೋವು ಪೂರ್ತಿ ಹೋಗುವುದಿಲ್ಲ. ಆದರೆ ನನ್ನ ಗೋಳು ಕೇಳಿ ಬೇಸತ್ತು ಬಿಟ್ಟುಹೋದರು ಎಂಬ ಮುಳ್ಳಾದರೂ ಕಿತ್ತುಬರುತ್ತದೆ.

ನಿಮಗೆ ಇದು ಹೊಸದೇನಲ್ಲ. ಕೆಲವು ವರ್ಷಗಳಿಗೊಮ್ಮೆ ಧರ್ಮಾಧ್ಯಕ್ಷರಿಂದ ಪತ್ರ ಬರುತ್ತದೆ, ನಿಮ್ಮ ಗುರುಗಳು ಪೆಟ್ಟಿಗೆ ಕಟ್ಟುತ್ತಾರೆ. ಬೀಳ್ಕೊಡುಗೆಯಲ್ಲಿ ಅತ್ತ ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಹೊಸ ಸ್ವಾಮಿ ಬಂದು ಪೀಠದ ಬಳಿ ನಿಂತಿರುತ್ತಾರೆ. ಮೊದಲ ಭಾನುವಾರ ನೀವೆಲ್ಲ ಅವರನ್ನು ಹೇಗೆ ನೋಡುತ್ತೀರೆಂಬುದು ನಮಗೆ ಚೆನ್ನಾಗಿ ಗೊತ್ತು! ನಾವು ಒಂದು ಧರ್ಮಕೇಂದ್ರಕ್ಕೆ ಹೋದ ಹೊಸದರಲ್ಲಿ ಒಬ್ಬ ಅಜ್ಜಿ ಎಂಟು ತಿಂಗಳು ಪಾಪನಿವೇದನೆಗೆ ಬರಲೇ ಇಲ್ಲ. ಕೇಳಿದರೆ, "ಹಳೇ ಸ್ವಾಮಿಗೆ ನನ್ ಪಾಪ ಎಲ್ಲಾ ಗೊತ್ತಿತ್ತು, ನಿಮಗೆ ಮೊದಲಿಂದ ಹೇಳಬೇಕಲ್ಲಪ್ಪ" ಎಂದರು. ಆ ಮಾತಿಗೆ ನಾವು ನಕ್ಕೆವು. ಆಮೇಲೆ ತಿಳಿಯಿತು, ಅದು ನಗುವ ಮಾತಲ್ಲ. ಒಬ್ಬರನ್ನು ನಂಬಿ ಮನಸ್ಸು ಬಿಚ್ಚುವುದು ಸಣ್ಣ ಕೆಲಸವಲ್ಲ. ಅಷ್ಟು ಕಷ್ಟಪಟ್ಟು ಕಟ್ಟಿದ ನಂಬಿಕೆಯನ್ನು ಬಿಟ್ಟು ಇನ್ನೊಬ್ಬರ ಮುಂದೆ ಮತ್ತೆ ಬುನಾದಿ ತೋಡಬೇಕೆಂದರೆ ಕೈ ನಡುಗುತ್ತದೆ. ಇದು ಹುಚ್ಚೂ ಅಲ್ಲ, ಸೋಮಾರಿತನವೂ ಅಲ್ಲ, ದೇವರಲ್ಲಿ ಅಪನಂಬಿಕೆಯೂ ಅಲ್ಲ.

ಪಾಪನಿವೇದನೆ ಸಂಸ್ಕಾರ, ಕೌನ್ಸೆಲಿಂಗ್ ಚಿಕಿತ್ಸೆ. ಎರಡೂ ಒಂದೇ ಅಲ್ಲ. ಆದರೆ ಒಂದು ವಿಷಯದಲ್ಲಿ ಹೋಲಿಕೆ ಇದೆ. ಪಾಪನಿವೇದನೆಯ ಗುಟ್ಟು ಯಾವ ಗುರು ಕುಳಿತರೂ ಗುಟ್ಟೇ. ಚಿಕಿತ್ಸೆಯ ವಿಷಯಕ್ಕೆ ಬಂದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ. ಪ್ರಾಣಾಪಾಯ, ನ್ಯಾಯಾಲಯದ ಆದೇಶ, ಚಿಕಿತ್ಸೆಗಾಗಿ ಇನ್ನೊಬ್ಬ ತಜ್ಞರಿಗೆ ತಿಳಿಸುವುದು ಮುಂತಾದ ಕೆಲವೇ ಸಂದರ್ಭಗಳಲ್ಲಿ ಅದಕ್ಕೆ ವಿನಾಯಿತಿ ಇದೆ. ಹಳಬರಿಗಿದ್ದ ಈ ಕಟ್ಟುಪಾಡು ಹೊಸಬರಿಗೂ ಇದೆ. ನಿಮ್ಮ ಮಾತು ಹಳ್ಳಿಯ ಕಟ್ಟೆಗೆ ಬರುವುದಿಲ್ಲ.

ಈಗ ಸಂತ ಲೂಕರ ಕಡೆಗೆ ಬರೋಣ. ಲೂಕರ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ ಎಮ್ಮಾವುಸಿನ ದಾರಿ ಇದೆ. ಯೇಸುಸ್ವಾಮಿಯನ್ನು ಶಿಲುಬೆಗೇರಿಸಿದ ಮೂರನೆಯ ದಿನ. ಇಬ್ಬರು ಶಿಷ್ಯರು ಮುಖ ಬಾಡಿಸಿಕೊಂಡು ನಡೆಯುತ್ತಿದ್ದಾರೆ. ಅಪರಿಚಿತನೊಬ್ಬ ಬಂದು ಸೇರಿಕೊಂಡು, ಏನು ಮಾತನಾಡುತ್ತಿದ್ದೀರೆಂದು ವಿಚಾರಿಸುತ್ತಾನೆ. ಅವರಿಗೆ ಅಚ್ಚರಿ, ಸ್ವಲ್ಪ ಬೇಸರ ಕೂಡ. ಊರಿಗೆಲ್ಲ ತಿಳಿದದ್ದು ನಿನಗೊಬ್ಬನಿಗೇ ತಿಳಿಯದೇ ಎಂಬಂತೆ ಕ್ಲೆಯೋಪನು ಮಾತನಾಡುತ್ತಾನೆ. ಆ ಅಪರಿಚಿತನು ನಮ್ಮ ಪ್ರಭುವೇ ತಾನೇ? ಅವರಿಗಿಂತ ಚೆನ್ನಾಗಿ ಆ ಕಥೆಯನ್ನು ಬಲ್ಲವರು ಯಾರು? ಮೊಳೆ ಹೊಡೆಸಿಕೊಂಡ ಕೈ ಅವರದೇ. ಆದರೂ ನನಗೆಲ್ಲ ಗೊತ್ತು ಎಂದು ಅವರ ಬಾಯಿ ಮುಚ್ಚಿಸಲಿಲ್ಲ. ಏನಾಯಿತೆಂದು ಮತ್ತೆ ಕೇಳಿದರು. ಶಿಷ್ಯರು ಮೊದಲಿನಿಂದ ಹೇಳಿದರು. ತಾವು ಇಟ್ಟಿದ್ದ ಆಸೆ, ಅದು ಮುರಿದುಬಿದ್ದ ಬಗೆ, ಹೆಂಗಸರು ತಂದ ನಂಬಲಾಗದ ಸುದ್ದಿ, ಎಲ್ಲವನ್ನೂ ಹೇಳಿದರು. ಪ್ರಭು ಪೂರ್ತಿ ಕೇಳಿಸಿಕೊಂಡ ಮೇಲೆ ತಾವು ಮಾತು ಆರಂಭಿಸಿದರು.

ಆ ಇಬ್ಬರೂ ದಾರಿಯುದ್ದಕ್ಕೂ ಅದೇ ಕಥೆಯನ್ನು ತಮ್ಮತಮ್ಮೊಳಗೆ ಹೇಳಿಕೊಂಡೇ ಬಂದಿದ್ದರು. ಮುಖದ ಬಾಡು ಹೋಗಿರಲಿಲ್ಲ. ಅದೇ ಕಥೆಯನ್ನು ಹೊಸಬನ ಮುಂದೆ ಹೇಳಿದಾಗ ಅದಕ್ಕೆ ಬೇರೊಂದು ಅರ್ಥ ತೆರೆಯಿತು, ಎದೆಯಲ್ಲಿ ಬೆಚ್ಚಗಾಯಿತು. ಯಾಕೆ? ಹೊಸಬರು ನಾವು ಬಿಟ್ಟ ಕಡೆ ನಿಲ್ಲುತ್ತಾರೆ, ನಾವು ದಾಟಿ ಬಂದದ್ದನ್ನು ಯಾಕೆಂದು ಕೇಳುತ್ತಾರೆ. ಜೊತೆಗೆ, ಎರಡನೇ ಸಲ ಹೇಳುವ ನಾವೂ ಮೊದಲ ಸಲ ಹೇಳಿದ ನಾವಲ್ಲ. ಒಂದು ವರ್ಷದ ಚಿಕಿತ್ಸೆ ನಮ್ಮೊಳಗೆ ಇದೆ. ಹಳೆಯ ಆಪ್ತಸಮಾಲೋಚಕರು ಹೋದರೂ ಅವರ ಮುಂದೆ ನಾವು ಕಲಿತ ಮಾತು ಹೋಗಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ನಮ್ಮ ಮದ್ದೂರು ಸೀಮೆಯ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಸಿಮಡಿಯಿಂದ ಕಿತ್ತು ಗದ್ದೆಗೆ ನಾಟಿ ಮಾಡಿದ ಪೈರು ಕೆಲವು ದಿನ ಬಾಡಿ ಹಳದಿಯಾಗುತ್ತದೆ. ಸತ್ತಿತೆಂದು ಯಾರಾದರೂ ಕಿತ್ತೆಸೆಯುತ್ತಾರೆಯೇ? ನೀರು ಕಟ್ಟಿ ಕಾಯುತ್ತಾರೆ. ಬೇರು ಅದರದ್ದೇ, ಮಣ್ಣು ಮಾತ್ರ ಹೊಸದು.

ಇನ್ನು ಕೆಲವು ಉಪಯೋಗದ ಮಾತುಗಳು. ಇವುಗಳನ್ನು ಈ ಕೆಲಸ ಬಲ್ಲವರಿಂದ ಕೇಳಿ ತಿಳಿದುಕೊಂಡಿದ್ದೇವೆ.

ಮೊದಲನೆಯದು, ಹೋದ ತಕ್ಷಣ ಎಲ್ಲವನ್ನೂ ಹೇಳಬೇಕಾಗಿಲ್ಲ. ಮೊದಲ ಭೇಟಿಯಲ್ಲಿ ಸಾಮಾನ್ಯವಾಗಿ ನಿದ್ದೆ, ಊಟ, ಕೆಲಸ, ಮನೆಯವರು, ತೆಗೆದುಕೊಳ್ಳುತ್ತಿರುವ ಮಾತ್ರೆ, ಬದುಕು ಬೇಡವೆನಿಸುತ್ತದೆಯೇ ಎಂಬುದನ್ನೆಲ್ಲ ಕೇಳುತ್ತಾರೆ. ಉತ್ತರ ಹೇಳಲಾಗದಿದ್ದರೆ, "ಇದನ್ನು ಇವತ್ತು ಹೇಳಲಾರೆ" ಎನ್ನಬಹುದು. ಆದರೆ ಸಾಯುವ ಯೋಚನೆ ಬರುತ್ತಿದ್ದರೆ ಅದನ್ನು ಮಾತ್ರ ಮುಚ್ಚಿಡಬೇಡಿ.

ಎರಡನೆಯದು, ಭಯವಾಗುತ್ತಿದ್ದರೆ ಅದನ್ನೇ ಮೊದಲ ಮಾತಾಗಿ ಹೇಳಿ. "ಹಿಂದಿನವರಿಗೆ ಹೊಂದಿಕೊಂಡಿದ್ದೆ, ನಿಮ್ಮ ಹತ್ತಿರ ಬರಲು ಹೆದರಿಕೆ" ಎಂದರೆ ಅವರಿಗೆ ಅವಮಾನವಲ್ಲ. ಅವರ ಕೆಲಸ ಶುರುವಾಗುವುದೇ ಅಲ್ಲಿಂದ.

ಮೂರನೆಯದು, ಹಳೆಯವರು ಹೋಗುವ ಮುಂಚೆ ಒಂದು ಸಾರಾಂಶ ಬರೆದು ಹೊಸಬರಿಗೆ ಕೊಡುವಂತೆ ಕೇಳಿ. ನಿಮ್ಮ ಚಿಕಿತ್ಸೆಯ ದಾಖಲೆಯನ್ನು ಪಡೆಯುವ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ. ನೀವೇ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಂಡು ಹೋದರೂ ಆದೀತು. ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಆಗಲಿಲ್ಲ, ಯಾವ ವಿಷಯವನ್ನು ನಿಧಾನಕ್ಕೆ ಮುಟ್ಟಬೇಕು, ಇಷ್ಟು ಸಾಕು.

ನಾಲ್ಕನೆಯದು, ನಡುವಿನ ದಿನಗಳಲ್ಲಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕೆಲವು ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ತೊಂದರೆಯಾಗುತ್ತದೆ, ಹೋದ ಕಾಯಿಲೆ ಮರಳುತ್ತದೆ. ಬೆಂಗಳೂರಿಗೆ ಹೋಗಲಾಗದಿದ್ದರೆ ಮದ್ದೂರಿನ ಆಸ್ಪತ್ರೆಯಲ್ಲೋ ಮಂಡ್ಯದ ಆಸ್ಪತ್ರೆಯಲ್ಲೋ ಹಳೆಯ ಚೀಟಿ ತೋರಿಸಿ.

ಐದನೆಯದು, ಒಂದೇ ಭೇಟಿಯಲ್ಲಿ ತೀರ್ಮಾನ ಬೇಡ. ಮೂರು ನಾಲ್ಕು ಸಲ ಹೋಗಿ ನೋಡಿ. ಆಮೇಲೂ ಮನಸ್ಸು ಕೂಡದಿದ್ದರೆ ಬೇರೆಯವರನ್ನು ಕೇಳುವುದು ತಪ್ಪಲ್ಲ. ಇಂದಿನ ಶುಭಸಂದೇಶದಲ್ಲಿ ಪ್ರಭು ಶಿಷ್ಯರನ್ನು ಕಳುಹಿಸುವಾಗ ಹೋದ ಮನೆಗೆ ಮೊದಲು ಶಾಂತಿ ಹಾರೈಸಲು ಹೇಳುತ್ತಾರೆ. ಶಾಂತಿಯನ್ನು ಬರಮಾಡಿಕೊಳ್ಳುವವರು ಅಲ್ಲಿದ್ದರೆ ಅದು ನೆಲೆಸುತ್ತದೆ, ಇಲ್ಲವಾದರೆ ಹೇಳಿದವರಿಗೇ ಮರಳುತ್ತದೆ. ಮೊದಲು ಶಾಂತಿಯಿಂದ ಹೋಗಿ. ಅಲ್ಲಿ ನೆಲೆಸದಿದ್ದರೆ ನಿಮ್ಮ ಶಾಂತಿ ನಿಮ್ಮ ಜೊತೆಗೇ ಬರುತ್ತದೆ, ಕಳೆದುಹೋಗುವುದಿಲ್ಲ.

ಅದೇ ಶುಭಸಂದೇಶದಲ್ಲಿ ಪ್ರಭು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದ್ದನ್ನೂ ನೋಡಿ. ಇದು ಮನೆಯವರಿಗೆ ಹೇಳುವ ಮಾತು. ಹೊಸಬರ ಬಳಿ ಹೋಗುವ ದಿನ ಒಬ್ಬರನ್ನೇ ಬಸ್ಸು ಹತ್ತಿಸಬೇಡಿ. ಗಂಡನೋ, ಅಕ್ಕನೋ, ಸೊಸೆಯೋ ಜೊತೆಗೆ ಹೋಗಿ. ಬಾಗಿಲವರೆಗೆ ಹೋಗಿ, ಒಳಗೆ ಅವರನ್ನು ಬಿಟ್ಟುಕೊಡಿ. ಹೊರಗೆ ಬಂದ ಕೂಡಲೇ ಏನು ಹೇಳಿದೆ, ನಮ್ಮ ಮನೆಯ ವಿಷಯ ಏನೇನು ಹೇಳಿದೆ ಎಂದು ತನಿಖೆ ಮಾಡಬೇಡಿ. ಕಾಫಿ ಕುಡಿಸಿ ಕರೆದುಕೊಂಡು ಬನ್ನಿ.

ಗುರುಗಳಾದ ನಿಮಗೆ ಇದೆಲ್ಲ ಸಲೀಸು ಎಂದು ಕೆಲವರು ಅಂದುಕೊಳ್ಳಬಹುದು. 2025ರ ಏಪ್ರಿಲ್ 21ರಂದು ದೇವರ ಬಳಿ ಸೇರಿದ ಜಗದ್ಗುರು ಫ್ರಾನ್ಸಿಸ್‌ರವರು 2017ರಲ್ಲಿ ಪ್ರಕಟವಾದ ಸಂದರ್ಶನ ಗ್ರಂಥವೊಂದರಲ್ಲಿ ಮುಚ್ಚುಮರೆಯಿಲ್ಲದೆ ಒಂದು ಸಂಗತಿ ಹೇಳಿಕೊಂಡಿದ್ದಾರೆ. ಅರ್ಜೆಂಟೀನದಲ್ಲಿ, ತಮ್ಮ 42ನೇ ವಯಸ್ಸಿನಲ್ಲಿ, ಅವರು ಆರು ತಿಂಗಳು ವಾರಕ್ಕೊಮ್ಮೆ ಒಬ್ಬ ಮನೋವಿಶ್ಲೇಷಕಿಯ ಬಳಿ ಹೋಗುತ್ತಿದ್ದರು. ಆಕೆ ಯೆಹೂದ್ಯ ಧರ್ಮದವರು. ಮುಂದೆ ಆಕೆಗೆ ಸಾವು ಸಮೀಪಿಸಿದಾಗ ಆತ್ಮಿಕ ಸಂಭಾಷಣೆಗೆಂದು ಇವರನ್ನೇ ಕರೆಸಿಕೊಂಡರಂತೆ. ಯಾರು ಯಾರಿಗೆ ಆಸರೆಯಾದರು ನೋಡಿ! ಒಬ್ಬ ಯೇಸುಸಭೆಯ ಗುರು ಅಪರಿಚಿತ ಮಹಿಳೆಯ ಮುಂದೆ ಕುಳಿತು ಮನಸ್ಸು ಬಿಚ್ಚಿದ್ದು ಅವರ ವಿಶ್ವಾಸವನ್ನು ಕುಗ್ಗಿಸಲಿಲ್ಲ.

ಮನಸ್ಸಿನ ಕಾಯಿಲೆ ಅಪರೂಪವೂ ಅಲ್ಲ. ನಿಮ್ಹಾನ್ಸ್ ಮುಂದಾಳತ್ವದಲ್ಲಿ ದೇಶದ 12 ರಾಜ್ಯಗಳಲ್ಲಿ 2015-16ರಲ್ಲಿ ನಡೆದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆಯುತ್ತಿರಲಿಲ್ಲ. ಅದೇ 2015ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ನಾಡನ್ನೇ ಕಲಕಿದ್ದನ್ನು ನಾವು ಮರೆತಿಲ್ಲ. ಸಾಲಕ್ಕೆ, ಬೆಲೆಗೆ ಸರ್ಕಾರ ಉತ್ತರ ಹೇಳಬೇಕು. ಆದರೆ ಪಕ್ಕದಲ್ಲಿ ಕುಳಿತು ಕೇಳುವ ಕಿವಿಗೆ ನಾವು ಉತ್ತರ ಹೇಳಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಮನಸ್ಸು ಕುಸಿದರೆ 14416 ಸಂಖ್ಯೆಗೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ ಅದು. ಹಗಲು ರಾತ್ರಿ, ಖರ್ಚಿಲ್ಲದೆ, ಕನ್ನಡದಲ್ಲೇ ಮಾತನಾಡಬಹುದು.

ಆ ತಾಯಿಯ ಕಥೆ ಅರ್ಧಕ್ಕೆ ನಿಂತಿದೆ. ಕೆರೆ ಏರಿಯ ಆ ರಾತ್ರಿ ಕಳೆದು ಬೆಳಗಾದ ಮೇಲೆ ನಾವು ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅಂದೇ ಮಗನೂ ಸೊಸೆಯೂ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ವೈದ್ಯರು ನೋಡಿ ಮಾತ್ರೆ ಮತ್ತೆ ಶುರುಮಾಡಿದರು. ಆಮೇಲೆ ಅದೇ ಬೆಂಚು, ಅದೇ ಬಾಗಿಲು. ಒಳಗೆ ಹೋಗಿ ಕುಳಿತು, "ನಂಗೆ ನಿಮ್ಮನ್ನ ಕಂಡ್ರೆ ಭಯ ಆಯ್ತದೆ. ಮೊದಲಿಂದ ಹೇಳಕ್ಕಾಗಲ್ಲ" ಎಂದರಂತೆ. ಆ ಹೊಸ ಹುಡುಗಿ ಪೆನ್ನು ಕೆಳಗಿಟ್ಟು ಹೇಳಿದರಂತೆ: "ಪರವಾಗಿಲ್ಲಮ್ಮ, ಮೊದಲಿನಿಂದ ಬೇಡ. ಇವತ್ತು ಬೆಳಗ್ಗೆಯಿಂದ ಏನಾಯ್ತು, ಅಷ್ಟು ಹೇಳಿ." ತಾಯಿ ಬಸ್ಸಿನ ಕಥೆ ಹೇಳಿದರು. ಅವತ್ತಿಗೆ ಅಷ್ಟೇ. ಈಗಲೂ ಹೋಗುತ್ತಾರೆ. ಕೆಲವು ದಿನ ಚೆನ್ನಾಗಿರುತ್ತಾರೆ, ಕೆಲವು ದಿನ ಇರುವುದಿಲ್ಲ. ಆದರೆ ಹೋಗುವುದನ್ನು ಬಿಟ್ಟಿಲ್ಲ. ಜಪಸರವನ್ನೂ ಬಿಟ್ಟಿಲ್ಲ. ಬಸ್ಸಿನಲ್ಲಿ ಹೋಗುವಾಗ ಒಂದು ಜಪಸರ, ಬರುವಾಗ ನಿದ್ದೆ ಎಂದು ನಗುತ್ತಾರೆ.

ಕೊನೆಗೆ ಮತ್ತೆ ಪೌಲರ ಸೆರೆಮನೆಗೆ ಹೋಗೋಣ. ಎಲ್ಲರೂ ಹೋದರೆಂದು ಹೇಳಿ ಪೌಲರು ಸುಮ್ಮನಾಗಲಿಲ್ಲ. ತಿಮೊಥೇಯನಿಗೆ ತಮ್ಮ ಬೇಕುಗಳನ್ನು ಬರೆದರು. ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿ ಬೇಕು, ಪುಸ್ತಕಗಳು ಬೇಕು, ಮಾರ್ಕನನ್ನೂ ಕರೆದುಕೊಂಡು ಬಾ ಎಂದರು. ಯಾವ ಮಾರ್ಕ? ಹಿಂದೊಮ್ಮೆ ಪ್ರಯಾಣದ ನಡುವೆ ಕೈಬಿಟ್ಟು ಹೋದನೆಂದು ಪೌಲರೇ ಜೊತೆಗೆ ಸೇರಿಸಿಕೊಳ್ಳಲು ಒಪ್ಪದಿದ್ದ ಮಾರ್ಕ. ಒಮ್ಮೆ ನೊಂದ ಮನಸ್ಸು ಮತ್ತೆ ನಂಬಲು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಮತ್ತೆ, ಎಲ್ಲರೂ ಬಿಟ್ಟಾಗ ಪ್ರಭು ತಮ್ಮ ಪಕ್ಕದಲ್ಲಿ ನಿಂತು ಬಲಪಡಿಸಿದರೆಂದು ಪೌಲರು ಅದೇ ಪತ್ರದಲ್ಲಿ ನೆನೆಯುತ್ತಾರೆ. ಕಾರಿಡಾರಿನ ಬೆಂಚಿನ ಮೇಲೆ ನಿಮ್ಮ ಹೆಸರು ಕೂಗುವಾಗ ನಿಮ್ಮ ಪಕ್ಕದಲ್ಲಿ ನಿಲ್ಲುವವರೂ ಅವರೇ. ಎದ್ದು ಒಳಗೆ ಹೋಗಿ. ಅವರೂ ಬರುತ್ತಾರೆ.

ಪ್ರಾರ್ಥಿಸೋಣ. ಪ್ರಭುವೇ, ಎಮ್ಮಾವುಸಿನ ದಾರಿಯಲ್ಲಿ ಅಪರಿಚಿತರಾಗಿ ಬಂದು ನಮ್ಮ ಕಥೆ ಕೇಳಿದವರು ನೀವು. ಹೊಸಬರ ಬಾಗಿಲಲ್ಲಿ ನಡುಗುತ್ತಾ ಕುಳಿತವರಿಗೆ ಧೈರ್ಯ ಕೊಡಿ. ಅವರ ಮಾತು ಕೇಳುವವರಿಗೆ ನಿಮ್ಮ ತಾಳ್ಮೆ ಕೊಡಿ. ಅವಸರದ ಸಮಾಧಾನ ಹೇಳುವ ನಮ್ಮಂಥವರಿಗೆ ಕೇಳುವ ಕಿವಿ ಕೊಡಿ. ಪ್ರಿಯ ವೈದ್ಯರಾದ ಸಂತ ಲೂಕರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.